ಜೇನಿನಂಗಡಿಯ ಬರಹ

ವ್ಯಾಪಾರಿಯು ತನ್ನ ಸರಕನ್ನು ತಾನೇ ಹೊಗಳುವುದು ಸಹಜ. ಕೊಳ್ಳುವವನು ಅದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದೂ ಅಷ್ಟೇ ಸಹಜ. ಸಂತೆಯಲ್ಲಾದರೆ ಸರಕನ್ನು ಮುಟ್ಟಿ, ಮೂಸಿ, ನಾಲಗೆಗೆ ತಾಗಿಸಿ ನೋಡಬಹುದು. ಅಂತರ್ಜಾಲದ ಅಂಗಡಿಯಲ್ಲಿ ಆ ಸೌಕರ್ಯವಿಲ್ಲ. ಅಲ್ಲಿ ವ್ಯಾಪಾರಿಯ ಮುಖವೂ ಕಾಣದು. ಅವನು ಬರೆದುದನ್ನು ನೋಡಿಯೇ ಅವನನ್ನು ಅಳೆಯಬೇಕು.

ಶಿರಸಿಯ ಸೀಮೆಯ ತರುಣನೊಬ್ಬನು ವಿದ್ಯಾಭ್ಯಾಸ ಮುಗಿಸಿ ಊರಿಗೆ ಹಿಂದಿರುಗಿ, ಅಡಕೆಯ ತೋಟದ ಅಂಚಿನಲ್ಲಿ ತುಡುವೆಯ ಪೆಟ್ಟಿಗೆಗಳನ್ನಿಟ್ಟು, ಜೇನುತುಪ್ಪವನ್ನು ಅಂತರ್ಜಾಲದ ಮೂಲಕ ಮಾರತೊಡಗಿದನು. ಮೊದಲ ವರ್ಷ ಅವನು ಬರೆದುದೆಲ್ಲ ಹೊಗಳಿಕೆಯೇ. ‘ಅಪ್ಪಟ’, ‘ಪರಿಶುದ್ಧ’, ‘ಅಮೃತಸಮಾನ’ ಎಂಬ ವಿಶೇಷಣಗಳಿಗೆ ಕೊರತೆಯಿರಲಿಲ್ಲ. ಆದರೆ ಈ ಮಾತುಗಳನ್ನು ಸಕ್ಕರೆಪಾಕ ಮಾರುವವನೂ ಬರೆಯುತ್ತಾನಷ್ಟೆ! ಗಿರಾಕಿಗಳು ಬರಲಿಲ್ಲ. ಬಂದ ಕೆಲವರೂ ಚಳಿಗಾಲ ಕಾಲಿಟ್ಟೊಡನೆ ಸೀಸೆಯನ್ನು ಹಿಂದಕ್ಕೆ ಕಳುಹಿಸಿದರು. ತಳದಲ್ಲಿ ಸಕ್ಕರೆಯಂತಹ ಹರಳು ಕಟ್ಟಿದೆ, ಇದು ಕಲಬೆರಕೆ ಎಂಬುದು ಅವರ ದೂರು.

ಆ ದೂರಿಗೆ ಉತ್ತರವಾಗಿ ಅವನು ಒಂದು ಲೇಖನವನ್ನು ಬರೆದನು. ಜೇನಿನಲ್ಲಿ ಮುಖ್ಯವಾಗಿರುವ ಎರಡು ಸಕ್ಕರೆಗಳಲ್ಲಿ ಫ್ರಕ್ಟೋಸ್ ನೀರಿನಲ್ಲಿ ಸುಲಭವಾಗಿ ಕರಗಿರುತ್ತದೆ. ಗ್ಲೂಕೋಸ್ ಅಷ್ಟು ಸುಲಭವಾಗಿ ಕರಗಿ ನಿಲ್ಲದೆ ಹರಳಾಗಿ ಬೇರ್ಪಡುತ್ತದೆ. ಸುಮಾರು ೧೪ ಡಿಗ್ರಿ ಸೆಲ್ಸಿಯಸ್ಸಿನ ತಂಪಿನಲ್ಲಿ ಈ ಕ್ರಿಯೆ ಬೇಗ ನಡೆಯುತ್ತದೆ. ಹರಳು ಕಟ್ಟಿದ ಮಾತ್ರಕ್ಕೆ ಜೇನು ಕೆಟ್ಟದ್ದಲ್ಲ. ಕೈ ತಾಳುವಷ್ಟು ಬೆಚ್ಚಗಿನ ನೀರಿನಲ್ಲಿ ಸೀಸೆಯನ್ನು ನಿಲ್ಲಿಸಿದರೆ ಮತ್ತೆ ತಿಳಿಯಾಗುತ್ತದೆ. ಒಲೆಯ ಮೇಲಿಟ್ಟು ಕಾಯಿಸಕೂಡದು. (ಕಾಯಿಸಿದ ಜೇನನ್ನು ಚರಕಸಂಹಿತೆಯೂ ನಿಷೇಧಿಸಿದೆ.) ಇಷ್ಟಕ್ಕೇ ನಿಲ್ಲದೆ, ತನಗೇ ನಷ್ಟ ತರಬಹುದಾದ ಒಂದು ಮಾತನ್ನೂ ಸೇರಿಸಿದನು. ನೀರಿಗೆ ಬಿಟ್ಟು ನೋಡುವುದು, ಬತ್ತಿಗೆ ಹಚ್ಚಿ ಉರಿಸುವುದು, ಹೆಬ್ಬೆರಳಿನ ಮೇಲೆ ತೊಟ್ಟಿಕ್ಕಿಸುವುದು, ಈ ಮನೆಪರೀಕ್ಷೆಗಳಿಂದ ಜೇನಿನ ಶುದ್ಧಿಯು ಸಿದ್ಧವಾಗುವುದಿಲ್ಲ. ತನ್ನ ಜೇನು ಅವೆಲ್ಲದರಲ್ಲಿ ತೇರ್ಗಡೆಯಾದರೂ ಅದೊಂದು ಪ್ರಮಾಣವಲ್ಲ ಎಂದು ಬರೆದನು.

ಆಶ್ಚರ್ಯವೆಂದರೆ, ಜನರು ಬಂದುದು ಈ ಲೇಖನಕ್ಕಾಗಿ. ‘ಜೇನು ಏಕೆ ಗಟ್ಟಿಯಾಗುತ್ತದೆ?’ ಎಂದು ಅಂತರ್ಜಾಲದಲ್ಲಿ ಹುಡುಕುವ ಗೃಹಿಣಿಗೆ ಆಗ ಜೇನನ್ನು ಕೊಳ್ಳುವ ಯೋಚನೆಯೇ ಇರುವುದಿಲ್ಲ. ಅವಳಿಗೆ ಬೇಕಾದುದು ಉತ್ತರ. ಉತ್ತರ ದೊರೆತ ಸ್ಥಳವನ್ನು ಅವಳು ನೆನಪಿನಲ್ಲಿಟ್ಟುಕೊಂಡಿರುತ್ತಾಳೆ.

ಈ ಉಪಾಯವು ಅಂತರ್ಜಾಲದೊಡನೆ ಹುಟ್ಟಿದುದಲ್ಲ. ಫ್ರಾನ್ಸ್ ದೇಶದ ಕ್ಲೆರ್‌ಮಾಂ-ಫೆರಾಂ ಪಟ್ಟಣದಲ್ಲಿ ರಬ್ಬರಿನ ಟೈರುಗಳನ್ನು ಮಾಡುತ್ತಿದ್ದ ಮಿಶೆಲಿನ್ ಸೋದರರು ೧೯೦೦ರಲ್ಲಿ ಒಂದು ಕೈಪಿಡಿಯನ್ನು ಅಚ್ಚು ಹಾಕಿಸಿ, ಸುಮಾರು ೩೫,೦೦೦ ಪ್ರತಿಗಳನ್ನು ಪುಕ್ಕಟೆಯಾಗಿ ಹಂಚಿದರು. ಆಗ ಆ ದೇಶದಲ್ಲಿದ್ದ ಮೋಟಾರು ಗಾಡಿಗಳು ಮೂರು ಸಾವಿರಕ್ಕೂ ಕಡಮೆ! ಟೈರನ್ನು ಬದಲಿಸುವ ವಿಧಾನ, ಎಣ್ಣೆ ದೊರೆಯುವ ಊರುಗಳು, ಗಾಡಿಯನ್ನು ದುರಸ್ತು ಮಾಡುವವರು, ರಾತ್ರಿ ತಂಗಲು ಹೋಟೆಲುಗಳು, ಇವೆಲ್ಲ ಅದರಲ್ಲಿದ್ದವು. ಜನರು ದೂರ ದೂರ ಹೋಗಲಿ, ಟೈರು ಸವೆಯಲಿ ಎಂಬುದೇ ಆ ಔದಾರ್ಯದ ಗುಟ್ಟು. ಸ್ವಾರ್ಥವಿದ್ದುದು ನಿಜ, ಆದರೆ ಓದುಗನಿಗೆ ಸಿಕ್ಕ ವಿಷಯದಲ್ಲಿ ಮೋಸವಿರಲಿಲ್ಲ. ಈ ಪುಸ್ತಕವನ್ನು ಒಂದು ಕಾರ್ಖಾನೆಯಲ್ಲಿ ಮೇಜಿನ ಕಾಲಿಗೆ ಒತ್ತುಗೊಟ್ಟಿದ್ದುದನ್ನು ಸೋದರರಲ್ಲೊಬ್ಬನಾದ ಆಂದ್ರೆಯು ಕಣ್ಣಾರೆ ಕಂಡನೆಂದೂ, ಪುಕ್ಕಟೆಯ ವಸ್ತುವಿಗೆ ಬೆಲೆಯಿಲ್ಲವೆಂದು ಅಂದಿನಿಂದ ಅದಕ್ಕೆ ಕ್ರಯವಿಟ್ಟನೆಂದೂ ಒಂದು ಕಥೆಯುಂಟು. ೧೯೨೦ರಿಂದ ಏಳು ಫ್ರಾಂಕುಗಳ ಬೆಲೆಯನ್ನು ಗೊತ್ತುಮಾಡಿದುದಂತೂ ದಿಟ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಅದೇ ವರ್ಷ ಹಣ ಪಡೆದು ಅಚ್ಚುಮಾಡುತ್ತಿದ್ದ ಜಾಹೀರಾತುಗಳನ್ನು ಅವರು ಪುಸ್ತಕದಿಂದ ತೆಗೆದುಹಾಕಿದರು. ೧೯೨೬ರಲ್ಲಿ ಒಳ್ಳೆಯ ಊಟದ ಮನೆಗಳಿಗೆ ನಕ್ಷತ್ರದ ಗುರುತನ್ನು ಕೊಡಲು ಆರಂಭವಾಯಿತು. ಟೈರಿನ ವ್ಯಾಪಾರಿಯ ಮಾತಿಗೆ ಅಡುಗೆಯ ವಿಷಯದಲ್ಲಿ ಪ್ರಾಮಾಣ್ಯ ಬಂದುದು ಹೀಗೆ. ೧೯೪೪ರಲ್ಲಿ ಮಿತ್ರರಾಷ್ಟ್ರಗಳ ಸೈನ್ಯವು ಫ್ರಾನ್ಸಿನಲ್ಲಿ ಇಳಿಯುವ ಮುನ್ನ, ಊರುಗಳ ನಕ್ಷೆಗಳಿಗಾಗಿ ೧೯೩೯ರ ಮುದ್ರಣವನ್ನೇ ವಾಷಿಂಗ್ಟನ್ನಿನಲ್ಲಿ ಪುನಃ ಅಚ್ಚುಮಾಡಿ ಅಧಿಕಾರಿಗಳ ಕೈಗೆ ಕೊಟ್ಟಿತು.

ಶಿರಸಿಯ ತರುಣನಿಗೆ ಇಂತಹ ಪರೀಕ್ಷೆ ಬಂದುದು ಒಂದು ಕಾಗದದಿಂದ. ಹಸುಗೂಸಿಗೆ ನೆಕ್ಕಿಸಲು ಯಾವ ಜೇನು ಉತ್ತಮ ಎಂದು ಒಬ್ಬ ತಾಯಿ ಕೇಳಿದ್ದಳು. ಶಿಶು ಹುಟ್ಟಿದೊಡನೆ ಜೇನು ಮತ್ತು ತುಪ್ಪವನ್ನು ಚಿನ್ನದಿಂದ ತೇದು ನೆಕ್ಕಿಸುವ ವಿಧಿಯು ಆಶ್ವಲಾಯನ ಗೃಹ್ಯಸೂತ್ರದಲ್ಲಿಯೇ ಇದೆ. ವ್ಯಾಪಾರಿಗೆ ಇದಕ್ಕಿಂತ ಒಳ್ಳೆಯ ಶಿಫಾರಸು ಬೇಕೆ? ಆದರೆ ವೈದ್ಯಶಾಸ್ತ್ರ ಬೇರೆ ಮಾತನ್ನು ಹೇಳುತ್ತದೆ. ಬಾಟುಲಿಸಮ್ ಎಂಬ ರೋಗದ ಕ್ರಿಮಿಬೀಜಗಳು ಶುದ್ಧವಾದ ಜೇನಿನಲ್ಲಿಯೂ ಇರಬಹುದು. ದೊಡ್ಡವರ ಹೊಟ್ಟೆಯಲ್ಲಿ ಅವು ಮೊಳೆಯಲಾರವು. ಎಳೆಯ ಕರುಳಿನಲ್ಲಿ ಮೊಳೆತು ವಿಷವನ್ನುಂಟುಮಾಡಿ, ಮಗುವಿನ ಅಂಗಾಂಗಗಳನ್ನೂ ಉಸಿರನ್ನೂ ಕುಂದಿಸುತ್ತವೆ. ಶಿಶುಗಳಲ್ಲಿ ಈ ರೋಗವನ್ನು ಗುರುತಿಸಿದುದೇ ೧೯೭೬ರಲ್ಲಿ. ಆದುದರಿಂದ ಸೂತ್ರಕಾರರಿಗೆ ಇದು ತಿಳಿದಿರಲಿಲ್ಲವೆಂದರೆ ಅವರ ಗೌರವಕ್ಕೆ ಕುಂದೇನೂ ಇಲ್ಲ. ಈಗ ತಿಳಿದ ಮೇಲೆಯೂ ಮುಚ್ಚಿಡುವುದು ಅಪರಾಧ. ‘ವರ್ಷ ತುಂಬದ ಮಗುವಿಗೆ ನನ್ನ ಜೇನನ್ನಾಗಲಿ, ಬೇರೆ ಯಾರ ಜೇನನ್ನಾಗಲಿ ಕೊಡಬೇಡಿ’ ಎಂದು ಅವನು ಸರಕಿನ ಬೆಲೆಯ ಕೆಳಗೇ, ಬೆಲೆಯಷ್ಟೇ ದೊಡ್ಡ ಅಕ್ಷರಗಳಲ್ಲಿ ಬರೆದಿಟ್ಟನು.

ಮನೆಯಲ್ಲಿ ಇದು ಸಣ್ಣ ಜಗಳಕ್ಕೆ ಕಾರಣವಾಯಿತು. ತಂದೆಯವರು ವೈದಿಕರು.

“ತಮ್ಮಾ, ಈ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಜೇನು ನೆಕ್ಕಿಸಿಯೇ ಬಂದಿದೆ. ನಿನಗೂ ನೆಕ್ಕಿಸಿದೆ. ನೀನು ಬದುಕಲಿಲ್ಲವೆ?”

“ಬದುಕಿದೆ, ಅಪ್ಪಾ. ಬದುಕದೆ ಹೋದ ಮಗು ಬಂದು ಹೇಳುವುದಿಲ್ಲವಷ್ಟೆ.”

ತಂದೆಯವರು ಪ್ರತ್ಯುತ್ತರ ಕೊಡಲಿಲ್ಲ. ನಾಲ್ಕು ದಿನ ಮಗನೊಡನೆ ಮಾತನ್ನೂ ಆಡಲಿಲ್ಲ. ನಾಮಕರಣಕ್ಕೆಂದು ಜೇನು ಬೇಕೆಂದಿದ್ದ ಕೆಲವರು ಬೇಡವೆಂದು ತಿಳಿಸಿದರು. ಆ ತಿಂಗಳು ಸೀಸೆಗಳು ಉಗ್ರಾಣದಲ್ಲಿಯೇ ಉಳಿದವು. ಒಬ್ಬ ಗಿರಾಕಿಯಂತೂ, ಸಂಪ್ರದಾಯವನ್ನು ಹಳಿಯುವವನ ಜೇನು ತನಗೆ ಬೇಡವೆಂದು ಖಾರವಾಗಿಯೇ ಬರೆದನು. ಬರೆದುದನ್ನು ತರುಣನು ಅಳಿಸಲಿಲ್ಲ.

ಮರುವರ್ಷ ಚೈತ್ರದಲ್ಲಿ ಅವನ ಅಕ್ಕನಿಗೆ ಗಂಡುಮಗುವಾಯಿತು. ಜಾತಕರ್ಮಕ್ಕೆ ಬಟ್ಟಲನ್ನು ಅಣಿಮಾಡಿ ಕೊಟ್ಟವರು ತಂದೆಯವರೇ. ಅದರಲ್ಲಿ ತುಪ್ಪ ಮಾತ್ರವಿದ್ದಿತು. ಮಂತ್ರ ಮುಗಿದ ಮೇಲೆ ಅಳಿಯನು ಉಂಗುರವನ್ನು ಅದರಲ್ಲಿ ಅದ್ದಿದನು. ತಂದೆಯವರು ಅವನ ಕೈಯನ್ನು ಮೆಲ್ಲನೆ ಹಿಡಿದು, ಶಿಶುವಿನ ತುಟಿಯ ಬಳಿಗೆ ಕೊಂಡೊಯ್ದು, ಮುಟ್ಟಿಸದೆಯೇ ಕೆಳಗಿಳಿಸಿದರು.