ಅರ್ಧ ಇಂಚಿನ ಸ್ಪ್ಯಾನರ್

ಅಜ್ಜಂಪುರದ ಆ ಮನೆಯ ಕೊಟ್ಟಿಗೆಯಲ್ಲಿ ಹಸು ಇರಲಿಲ್ಲ, ಅಂಬಾಸಿಡರ್ ಕಾರಿತ್ತು. ಈರುಳ್ಳಿ ವ್ಯಾಪಾರ ಮಾಡುತ್ತಿದ್ದ ಅಜ್ಜ ಸೆಕೆಂಡ್ ಹ್ಯಾಂಡ್ ಕೊಂಡಿದ್ದ 1984ರ ಮಾಡೆಲ್ ಪೆಟ್ರೋಲ್ ಗಾಡಿ. ಅಜ್ಜ ತೀರಿಕೊಂಡ ಮೇಲೆ ಅದು ತಿಂಗಳಿಗೊಮ್ಮೆ ಸ್ಟಾರ್ಟ್ ಆಗುತ್ತಿತ್ತು. ಆದಾಗಲೆಲ್ಲ ಬಾನೆಟ್ಟಿನೊಳಗೆ ಹೊಲಿಗೆ ಯಂತ್ರದಂಥ ಟಕಟಕ ಸದ್ದು. ಮಗ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವರಿಗೆ ಕಾರನ್ನು ಮಾರಿ ಕೈತೊಳೆದುಕೊಳ್ಳುವ ಯೋಚನೆ. ಮೊಮ್ಮಗ ಬೇಡವೆನ್ನುತ್ತಿದ್ದ.

2017ರ ಮೇ ತಿಂಗಳಲ್ಲಿ ದ್ವಿತೀಯ ಪಿಯುಸಿ ಫಲಿತಾಂಶ ಬಂತು. ಹುಡುಗ ಫೇಲಾಗಿದ್ದ, ಅದೂ ಗಣಿತದಲ್ಲಿ! ಮೇಷ್ಟ್ರು ಬೈಯಲಿಲ್ಲ, ಮಾತು ನಿಲ್ಲಿಸಿದರು. ಬೈಗುಳಕ್ಕಿಂತ ಅದು ಕಷ್ಟವೆಂದು ಅನುಭವಿಸಿದವರಿಗೆ ಗೊತ್ತು. ಪೂರಕ ಪರೀಕ್ಷೆಯ ಅರ್ಜಿ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಹುಡುಗ ಕೊಟ್ಟಿಗೆ ಸೇರಿದ.

ಸದ್ದು ಟ್ಯಾಪೆಟ್‌ನದು ಎಂದು ಅವನಿಗೆ ತಿಳಿದಿತ್ತು. ಆ ಎಂಜಿನ್ನಿನಲ್ಲಿ ಎಂಟು ವಾಲ್ವ್‌ಗಳು. ಅವುಗಳ ತುದಿಗೂ ಅವನ್ನು ಒತ್ತುವ ರಾಕರ್‌ಗಳಿಗೂ ನಡುವೆ ಇಂಚಿನ ಸಾವಿರದಲ್ಲಿ ಹದಿನೈದು ಭಾಗದಷ್ಟು ಸಂದು ಇರಬೇಕು. ಹೆಚ್ಚಾದರೆ ಸದ್ದು. ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟೇ ಹೋಗುತ್ತದೆ. ತೀರ ಮೌನವಾದ ಟ್ಯಾಪೆಟ್‌ಗಿಂತ ಕೊಂಚ ಸದ್ದು ಮಾಡುವುದೇ ವಾಸಿ ಎಂದು ಹಳೇ ಮೆಕ್ಯಾನಿಕ್‌ಗಳು ಹೇಳುವುದು ಇದಕ್ಕೇ. ಸರಿಮಾಡುವುದು ದೊಡ್ಡ ವಿದ್ಯೆಯೇನಲ್ಲ: ಲಾಕ್‌ನಟ್ ಸಡಿಲಿಸಿ, ಸ್ಕ್ರೂ ತಿರುಗಿಸಿ, ಸಂದಿಯಲ್ಲಿ ಫೀಲರ್ ಗೇಜ್ ಆಡಿಸಿ ನೋಡಿ ಮತ್ತೆ ನಟ್ ಬಿಗಿಯುವುದು. ಅದಕ್ಕೆ ತಕ್ಕ ಸಾಮಾನು ಬೇಕು, ಅಷ್ಟೆ.

ಅಜ್ಜನ ಸಾಮಾನಿನ ಪೆಟ್ಟಿಗೆ ಇರಲಿಲ್ಲ. ಮನೆಗೆ ಸುಣ್ಣ ಹೊಡೆಸುವಾಗ ಮೇಷ್ಟ್ರೇ ಅದನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟಿದ್ದರು. ಹುಡುಗ ಪಕ್ಕದ ಮನೆಯಿಂದ ಒಂದು ಸ್ಪ್ಯಾನರ್ ಸೆಟ್ ಕಡ ತಂದ. ಹನ್ನೆರಡನೇ ನಂಬರು ನಟ್ಟಿಗೆ ಹತ್ತಲಿಲ್ಲ. ಹದಿಮೂರು ಕೂತಿತು, ಆದರೆ ಅಲುಗಾಡುತ್ತಿತ್ತು. ಆದದ್ದಾಗಲಿ ಎಂದು ಬಲ ಹಾಕಿದ. ಸ್ಪ್ಯಾನರ್ ಜಾರಿ ಬೆರಳ ಗೆಣ್ಣು ಕಿತ್ತುಬಂತು. ನಟ್ಟಿನ ಎರಡು ಮೂಲೆ ಸವೆದು ದುಂಡಗಾದವು. ಅವನು ಅಲ್ಲಿಗೇ ನಿಲ್ಲಿಸಿದ. ಹಠಕ್ಕೆ ಬಿದ್ದು ಇಕ್ಕಳ, ಸುತ್ತಿಗೆ ತಂದು ಕೆಲಸ ಕೆಡಿಸುವವರಲ್ಲಿ ದೊಡ್ಡವರೇ ಹೆಚ್ಚು. ಅವನು ಹಾಗೆ ಮಾಡಲಿಲ್ಲ.

ಮರುದಿನ ಕಡೂರಿಗೆ ಹೋದ. ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಕೇಳಿದರೆ ಒಂದೇ ಉತ್ತರ: "ಅಂಬಾಸಿಡರ್ರಾ? ಅದು ಇಂಚಿನ ಗಾಡಿ ಕಣಪ್ಪ, ನಮ್ಮತ್ರ ಇರೋದೆಲ್ಲ ಎಂಎಂ." ಹಾರ್ಡ್‌ವೇರ್ ಅಂಗಡಿಗಳಲ್ಲೂ ಅದೇ ಪಾಡು.

ಇದು ಅಂಗಡಿಯವರ ತಪ್ಪಲ್ಲ. ಅಂಬಾಸಿಡರ್ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರು. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಅದರ ತಯಾರಿಕೆ ಶುರುವಾದದ್ದು 1950ರ ದಶಕದ ಕೊನೆಗೆ. ತಮಾಷೆಯೆಂದರೆ, 1957ರ ಏಪ್ರಿಲ್‌ನಲ್ಲಿ ನಮ್ಮಲ್ಲಿ ನಯಾಪೈಸೆ ಬಂತು, 1958ರ ಅಕ್ಟೋಬರ್‌ನಲ್ಲಿ ಕಿಲೋಗ್ರಾಂ ಬಂತು. ದೇಶವೇ ಮೆಟ್ರಿಕ್ಕಿಗೆ ಹೊರಳುತ್ತಿದ್ದ ಹೊತ್ತಿನಲ್ಲಿ ಬ್ರಿಟಿಷ್ ಇಂಚುಗಳನ್ನು ಹೊತ್ತು ಈ ಕಾರು ರಸ್ತೆಗಿಳಿಯಿತು. 2014ರಲ್ಲಿ ಅದರ ತಯಾರಿಕೆಯೇ ನಿಂತಿತು. ಇನ್ನು ಇಂಚಿನ ಸ್ಪ್ಯಾನರ್ ಯಾರು ಇಟ್ಟುಕೊಂಡಾರು?

ಕಡೂರಿನಲ್ಲಿ ಒಬ್ಬರು ತರೀಕೆರೆಯ ದಾರಿ ತೋರಿಸಿದರು. ಅಲ್ಲಿ ಹಿಂದೆ ಟ್ಯಾಕ್ಸಿಗಳನ್ನು ರಿಪೇರಿ ಮಾಡುತ್ತಿದ್ದ ವೃದ್ಧರೊಬ್ಬರಿದ್ದರು. ಶೆಡ್ಡು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅವರು ಹುಡುಗನ ಮುಖಕ್ಕಿಂತ ಮೊದಲು ಬೆರಳಿನ ಬ್ಯಾಂಡೇಜು ನೋಡಿದರು.

"ಹದಿಮೂರು ಹಾಕಿದ್ಯಾ?"

"ಹೂಂ ತಾತ."

"ಅದು ಅರ್ಧ ಇಂಚಿನ ನಟ್ಟು. ನಮ್ಮ ಕಾಲದಲ್ಲಿ ನಾಕು ನೂಲು ಅಂತಿದ್ವಿ. ಎಂಎಂನಲ್ಲಿ ಎಷ್ಟಾಯ್ತು ಹೇಳು."

ಹುಡುಗ ಲೆಕ್ಕ ಹಾಕಿದ. ಇಂಚಿಗೆ 25.4, ಅದರ ಅರ್ಧ 12.7.

"ಹದಿಮೂರಕ್ಕೆ ಎಷ್ಟು ಕಮ್ಮಿ?"

"ಪಾಯಿಂಟ್ ಮೂರು."

"ಆ ಪಾಯಿಂಟ್ ಮೂರೇ ನಿನ್ನ ಬೆರಳ ಚರ್ಮ ತೆಗೆದಿರೋದು."

ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟ ರಿಂಗ್ ಸ್ಪ್ಯಾನರ್‌ಗಳು ಹೊರಬಂದವು. ಜೊತೆಗೆ ಫೀಲರ್ ಗೇಜ್, ಡಬ್ಬಿ ತಡಕಿ ಹುಡುಕಿದ ಒಂದು ಲಾಕ್‌ನಟ್. ದುಡ್ಡು ಬೇಡವೆಂದರು. "ಸೋಮವಾರ ವಾಪಸ್ ತಂದ್ಕೊಡಬೇಕು. ಇದು ಹೋದ್ರೆ ಇನ್ನೊಂದಿಲ್ಲ." ಒಂದು ಸೂತ್ರವನ್ನೂ ಹೇಳಿಕೊಟ್ಟರು: ಒಂದನೇ ವಾಲ್ವ್ ಸರಿಮಾಡುವಾಗ ಎಂಟನೆಯದು ಪೂರ್ತಿ ತೆರೆದಿರಬೇಕು, ಮೂರಕ್ಕೆ ಆರು, ಐದಕ್ಕೆ ನಾಲ್ಕು, ಎರಡಕ್ಕೆ ಏಳು, ಆಮೇಲೆ ಅದೇ ತಿರುವುಮುರುವು.

ಭಾನುವಾರ ಬೆಳಿಗ್ಗೆ ಪ್ಲಗ್ಗುಗಳನ್ನು ಬಿಚ್ಚಿ, ಗಾಡಿಯನ್ನು ನಾಲ್ಕನೇ ಗೇರಿಗೆ ಹಾಕಿದ. ಕಾರನ್ನು ಇಂಚಿಂಚೇ ತಳ್ಳಿದರೆ ಎಂಜಿನ್ ತಿರುಗುತ್ತದೆ. ಆದರೆ ತಳ್ಳುವವನೂ ವಾಲ್ವ್ ನೋಡುವವನೂ ಒಬ್ಬನೇ ಆಗಲು ಸಾಧ್ಯವಿಲ್ಲ. ಅವನ ಓಡಾಟವನ್ನು ಸ್ವಲ್ಪ ಹೊತ್ತು ಜಗುಲಿಯಿಂದ ನೋಡಿದ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಕಾರಿನ ಹಿಂದೆ ಬಂದು ನಿಂತರು.

"ಎಂಟು ತೆರೀತು ಅಪ್ಪ, ಸಾಕು. ಈಗ ಒಂದು." ಇನ್ನೊಂದಿಷ್ಟು ತಳ್ಳಿದ ಮೇಲೆ, "ಆರು ತೆರೀತು. ಈಗ ಮೂರು."

"ಕೂಡಿದರೆ ಒಂಬತ್ತು," ಎಂದರು ಮೇಷ್ಟ್ರು. ಎಷ್ಟೋ ದಿನಗಳ ಮೇಲೆ ಮಗನ ಜೊತೆ ಆಡಿದ ಮೊದಲ ಮಾತು. "ಯಾಕೋ ಒಂಬತ್ತೇ ಬರುತ್ತೆ?"

ಹುಡುಗನಿಗೆ ಗೊತ್ತಿರಲಿಲ್ಲ. ಮೇಷ್ಟ್ರಿಗೂ ಗೊತ್ತಿರಲಿಲ್ಲ. ಎಂಟೂ ಮುಗಿಯುವ ಹೊತ್ತಿಗೆ ಅವರು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎಂಜಿನ್ ಬರೆಯುತ್ತಿದ್ದರು. ಒಂದನೇ ಮತ್ತು ನಾಲ್ಕನೇ ಪಿಸ್ಟನ್ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ, ಆದರೆ ಕೆಲಸದಲ್ಲಿ ಒಂದು ಸುತ್ತು ಹಿಂದುಮುಂದು ಎಂದು ಹುಡುಗ ತೋರಿಸಿಕೊಟ್ಟ. ಎರಡು ಮತ್ತು ಮೂರೂ ಹಾಗೆಯೇ. ವಾಲ್ವ್‌ಗಳು ಎರಡು ತುದಿಯಿಂದಲೂ ಒಂದೇ ಕ್ರಮದಲ್ಲಿ ಕೂತಿವೆ. ಮೇಷ್ಟ್ರು ಪೆನ್ಸಿಲು ಕಚ್ಚಿಕೊಂಡು ಬಹಳ ಹೊತ್ತು ನೋಡಿದರು.

ಕಾರು ಸ್ಟಾರ್ಟ್ ಆಯಿತು. ಟಕಟಕ ಹೋಗಿತ್ತು, ಹೊಸ ನಟ್ ಹಾಕಿದ್ದೊಂದು ಮಾತ್ರ ಸಣ್ಣಗೆ ಮಾತಾಡುತ್ತಿತ್ತು. ಎಂಜಿನ್ ಆರಿದ ಮೇಲೆ ಇನ್ನೊಮ್ಮೆ ಬಿಚ್ಚಿ ಕೂತರು. ಈ ಸಲ ಸ್ಪ್ಯಾನರ್ ಹಿಡಿದವರು ಮೇಷ್ಟ್ರು, ಬೇಡ ಬೇಡವೆಂದರೂ ಕೇಳಲಿಲ್ಲ.

ಸೋಮವಾರ ಹುಡುಗ ಸ್ಪ್ಯಾನರ್‌ಗಳನ್ನು ಒರೆಸಿ, ಅದೇ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಹೊರಟಾಗ ಅಪ್ಪನೂ ಚಪ್ಪಲಿ ಮೆಟ್ಟಿದ್ದರು. ಕೈಯಲ್ಲಿ ಮಡಿಸಿದ ಕ್ಯಾಲೆಂಡರ್ ಹಾಳೆ.

"ಗುಜರಿಗೆ ಹಾಕಿದ ಪೆಟ್ಟಿಗೆಯಲ್ಲೂ ಇಂಥವೇ ಇದ್ವೇನೋ?" ಎಂದು ಬಸ್ ಸ್ಟ್ಯಾಂಡಿನಲ್ಲಿ ಕೇಳಿದರು.

"ಇದ್ವು ಅಪ್ಪ," ಎಂದ ಹುಡುಗ.

ತರೀಕೆರೆ ಬಸ್ಸು ಬಂತು.