ಫ್ಯೂಸಿನ ಜಾಗದಲ್ಲಿ ಒಂದು ಬಲ್ಬು

ದಾವಣಗೆರೆ

ಪುಟ್ಟಿ,

ನಿನ್ನ ಫೋನ್ ಬಂದಾಗಿನಿಂದ ನನಗೆ ಸಮಾಧಾನವಿಲ್ಲ. ಕಾರಿನ ಫ್ಯೂಸ್ ಪದೇ ಪದೇ ಹೋಗುತ್ತದೆಂದು ಗ್ಯಾರೇಜಿನವನು ಅದಕ್ಕೆ ತಾಮ್ರದ ಎಳೆ ಸುತ್ತಿಕೊಟ್ಟ, ಈಗ ಏನೂ ತೊಂದರೆಯಿಲ್ಲ ಎಂದೆಯಲ್ಲ, ಹೆದರಿಕೆಯಾಗಿದ್ದೇ ಆ ಮಾತಿಗೆ. ತೊಂದರೆ ಎಲ್ಲಿಗೂ ಹೋಗಿಲ್ಲ ಮಗಳೇ. ಅದನ್ನು ತಡೆದು ನಿಲ್ಲಿಸಿದ್ದ ಒಂದೇ ಒಂದು ವಸ್ತುವನ್ನು ಅವನು ತೆಗೆದುಹಾಕಿದ್ದಾನೆ. ಬ್ಯಾಟರಿಯ ಅರ್ತ್ ತಂತಿ ಬಿಚ್ಚಿಡು ಎಂದು ಅವತ್ತೇ ಹೇಳಿದೆ. ಬಿಚ್ಚಿದ್ದೀಯ ಎಂದೇ ನಂಬಿದ್ದೇನೆ. ಉಳಿದದ್ದು ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಈ ಕಾಗದವನ್ನು ಬಾನೆಟ್ ಮೇಲೆ ಇಟ್ಟುಕೊಂಡೇ ಕೆಲಸ ಮಾಡು.

ಲೆಕ್ಕ ಸಣ್ಣದು. ಹಿಂದಿನ ಎರಡು ಬ್ರೇಕ್ ಲೈಟೂ 21 ವ್ಯಾಟಿನವು. 12 ವೋಲ್ಟಿಗೆ ಎರಡೂ ಸೇರಿ ಎಳೆಯುವುದು ಮೂರೂವರೆ ಆಂಪಿಯರ್. ಅದೇ ವೈರಿನ ಬರಿ ತಾಮ್ರ ಬಾಡಿಯ ತಗಡಿಗೆ ತಾಗಿತೋ, ನಡುವೆ ಬಲ್ಬಿನ ತಡೆಯಿಲ್ಲ, ಬ್ಯಾಟರಿ ನೂರಾರು ಆಂಪಿಯರ್ ಸುರಿಯಬಲ್ಲದು. 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಅದಕ್ಕೇ ಜನಕ್ಕೆ ಅದೆಂದರೆ ಸದರ. ಆದರೆ ತೆಳು ವೈರನ್ನು ಕೆಂಪಗೆ ಕಾಯಿಸಲು ಆ ಕರೆಂಟಿಗೆ ಕೆಲವು ಕ್ಷಣ ಸಾಕು. ಸರಿಯಾದ ಫ್ಯೂಸ್ ಇದ್ದರೆ ಅದು ಮೊದಲು ಕರಗಿ ದಾರಿ ಕಡಿಯುತ್ತದೆ. ತಾಮ್ರದ ಎಳೆ ಜಗ್ಗದೆ ಕೂತರೆ, ಹೊತ್ತಿಕೊಳ್ಳುವುದು ಮ್ಯಾಟಿನ ಅಡಿಯ ವೈರು.

ನಿನ್ನಪ್ಪನ ಅಂಬಾಸಿಡರಿನಲ್ಲಿ ಫ್ಯೂಸುಗಳು ಬೆರಳೆಣಿಕೆಯಷ್ಟೇ. ಬ್ರೇಕ್ ಲೈಟು, ವೈಪರ್, ಇಂಡಿಕೇಟರ್, ಪೆಟ್ರೋಲ್ ಗೇಜು ಎಲ್ಲ ಒಂದೇ ಫ್ಯೂಸಿನ ಹಿಂದೆ. ಅದು ಹೋದರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಮಳೆಗಾಲದಲ್ಲಿ ಹಾಗಾದಾಗ ಕೈಗೆ ಸಿಕ್ಕ ತಂತಿ ಸುತ್ತುವ ಆಸೆ ಯಾರಿಗಾದರೂ ಬರುತ್ತದೆ. ಆದರೂ ಅದು ತಪ್ಪು, ಯಾವ ರಿಯಾಯಿತಿಯೂ ಇಲ್ಲದ ತಪ್ಪು.

ವೈರಿಂಗ್ ಪೂರ್ತಿ ಕಿತ್ತು ಹೊಸದು ಹಾಕಿಸಿ ಎಂದನಂತಲ್ಲ ಗ್ಯಾರೇಜಿನವನು, ಒಪ್ಪಬೇಡ. ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯಿಂದ ಹುಟ್ಟಿದ ಗಾಡಿ ಇದು, ವೈರುಗಳಿಗೂ ಲೂಕಾಸಿನ ಬಣ್ಣದ ಕ್ರಮವಿದೆ. ಕಂದು ಎಂದರೆ ಬ್ಯಾಟರಿಯಿಂದ ನೇರ. ಬಿಳಿ, ಕೀ ತಿರುಗಿಸಿದ ಮೇಲೆ ಬರುವುದು. ಹಸಿರು, ಕೀಯನ್ನೂ ಫ್ಯೂಸನ್ನೂ ದಾಟಿದ್ದು. ಕೆಂಪು ಟೇಲ್ ಲೈಟಿಗೆ, ನೀಲಿ ಹೆಡ್‌ಲೈಟಿಗೆ, ಕಪ್ಪು ಅರ್ತಿಗೆ. ಬ್ರೇಕ್ ಲೈಟಿಗೆ ಹೋಗುವುದು ನೇರಳೆ ಗೆರೆಯ ಹಸಿರು. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿದರೆ ಇವತ್ತಿಗೂ ಬಣ್ಣ ಕಾಣುತ್ತದೆ. ದಾರಿ ಇಷ್ಟು ಸ್ಪಷ್ಟವಾಗಿರುವಾಗ ಇಡೀ ಗಾಡಿಯನ್ನು ಬಿಚ್ಚುವುದೇಕೆ?

ಕೀ ಹಾಕಿದರೆ ಫ್ಯೂಸ್ ಹೋಗುತ್ತಿರಲಿಲ್ಲ, ಬ್ರೇಕ್ ತುಳಿದಾಗ ಹೋಗುತ್ತಿತ್ತು ಎಂದು ಮಾತಿನ ಮಧ್ಯೆ ನೀನೇ ಹೇಳಿದೆ. ಅರ್ಧ ಕೆಲಸ ಅಲ್ಲೇ ಮುಗಿಯಿತು. ಶಾರ್ಟ್ ಇರುವುದು ಬ್ರೇಕ್ ಸ್ವಿಚ್ಚಿನಿಂದ ಹಿಂದಕ್ಕೆ.

ಅದನ್ನು ಹುಡುಕಲು ಒಂದು 21 ವ್ಯಾಟಿನ ಬಲ್ಬಿಗೆ ಹೋಲ್ಡರ್ ಹಾಕಿ ಎರಡು ವೈರು ಎಳೆದುಕೋ. ಫ್ಯೂಸ್ ತೆಗೆದು ಅದರ ಎರಡು ಕ್ಲಿಪ್ಪಿಗೆ ಆ ವೈರು ಸಿಕ್ಕಿಸು. ಹಿಂದಿನ ಬ್ರೇಕ್ ಬಲ್ಬುಗಳನ್ನೆಲ್ಲ ಕಳಚಿಡು. ಈಗ ಅರ್ತ್ ಕೊಟ್ಟು, ಕೀ ಹಾಕಿ, ಬ್ರೇಕ್ ತುಳಿಯಲು ಯಾರನ್ನಾದರೂ ಕೂರಿಸು. ಗೇಜಿನ ಕಾರಣಕ್ಕೆ ಬಲ್ಬು ಮಂಕಾಗಿ ಮಿನುಗಿದರೆ ಚಿಂತೆಯಿಲ್ಲ. ಬ್ರೇಕ್ ತುಳಿದೊಡನೆ ಪೂರ್ತಿ ಬೆಳಕು ಬಂದರೆ ಶಾರ್ಟ್ ಇದೆ. ಈ ಬಲ್ಬು ಎರಡು ಆಂಪಿಯರಿಗಿಂತ ಹೆಚ್ಚು ಹರಿಯಲು ಬಿಡುವುದಿಲ್ಲ, ಆದ್ದರಿಂದ ವೈರಿಗೆ ಅಪಾಯವಿಲ್ಲ, ನೀನು ನಿಧಾನವಾಗಿ ಹುಡುಕಬಹುದು. ಎಂಜಿನ್ ಓಡದಿರುವಾಗ ಕೀಯನ್ನು ಮಾತ್ರ ಬಹಳ ಹೊತ್ತು ಆನ್‌ನಲ್ಲಿ ಬಿಡಬೇಡ, ಇಗ್ನಿಷನ್ ಕಾಯಿಲ್ ಕಾಯುತ್ತದೆ.

ಮೀಟರ್ ಇಟ್ಟಾಗ ಪೀಂ ಎಂದಿತು ಎಂದು ಅವನು ವೈರಿಂಗನ್ನೇ ದೂರಿದನಲ್ಲ, ಬಲ್ಬು ಕಳಚಿದ್ದನೇ ಕೇಳು. ತಣ್ಣಗಿರುವ ಬಲ್ಬಿನ ತಡೆ, ಉರಿಯುವ ಬಲ್ಬಿನ ತಡೆಯ ಹತ್ತರಲ್ಲೊಂದು ಪಾಲಿನಷ್ಟು. ಮೀಟರಿಗೆ ಅದೂ ಶಾರ್ಟಿನಂತೆಯೇ ಕೇಳಿಸುತ್ತದೆ.

ಈಗ ಡಿಕ್ಕಿಗೆ ಬಾ. ಹಿಂದಿನ ಗಾಜಿನ ಕೆಳಗಿರುವ ಮೂರನೆಯ ಬ್ರೇಕ್ ಲೈಟಿನ ವೈರನ್ನು ಮೊದಲು ಬಿಡಿಸು. ಅದು ಕಂಪನಿಯದಲ್ಲ. ನೀನು ಹುಟ್ಟಿದ ವರ್ಷ ಭಾವ ಹಾಕಿಸಿದ್ದು, ಒಳಗೆ ಕೂಸಿರುತ್ತದೆ, ಹಿಂದಿನಿಂದ ಬರುವ ಲಾರಿಯವನಿಗೆ ಚೆನ್ನಾಗಿ ಕಾಣಲಿ ಎಂದು. ಆ ಪ್ರೀತಿ ದೊಡ್ಡದು. ಆದರೆ ಆಮೇಲೆ ಸೇರಿಸಿದ ವೈರನ್ನೇ ನಾನು ಯಾವಾಗಲೂ ಮೊದಲು ಅನುಮಾನಿಸುವುದು. ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಹಾಕದೆ ತೂರಿಸಿದ್ದರೆ, ಇಷ್ಟು ವರ್ಷದ ಅಲುಗಾಟಕ್ಕೆ ಅಂಚು ಪ್ಲಾಸ್ಟಿಕ್ಕನ್ನು ಕೊಯ್ದಿರುತ್ತದೆ. ಅದನ್ನು ಬಿಡಿಸಿದಾಗ ಟೆಸ್ಟ್ ಬಲ್ಬು ಆರಿತೋ, ಕಳ್ಳ ಸಿಕ್ಕ. ಆರದಿದ್ದರೆ ಎಡಗಡೆಯ ಕನೆಕ್ಟರ್, ಆಮೇಲೆ ಬಲಗಡೆಯದು. ಮೂರೂ ಬಿಡಿಸಿದ ಮೇಲೂ ಉರಿಯುತ್ತಿದ್ದರೆ ಸ್ವಿಚ್ಚಿನಿಂದ ಡಿಕ್ಕಿಯವರೆಗಿನ ವೈರು ನೋಡು. ಮ್ಯಾಟ್ ಎತ್ತು, ಸೀಟಿನ ಕಾಲು ಎಲ್ಲಾದರೂ ಒತ್ತಿದೆಯೇ, ಇಲಿ ಕಚ್ಚಿದೆಯೇ ಹುಡುಕು. ಬಲ್ಬು ಹತ್ತಲೇ ಇಲ್ಲವೆಂದರೆ ಗಾಡಿ ಸರಿಯಾಗಿದೆ ಎಂದುಕೊಳ್ಳಬೇಡ. ವೈರನ್ನು ಗೇಣುಗೇಣಾಗಿ ಅಲುಗಿಸು, ಡಿಕ್ಕಿಯನ್ನು ಎರಡು ಸಲ ಜೋರಾಗಿ ಮುಚ್ಚು. ಹಳ್ಳಕ್ಕೆ ಇಳಿದಾಗ ಮಾತ್ರ ತಾಗುವ ಶಾರ್ಟುಗಳೂ ಇರುತ್ತವೆ.

ಸಿಕ್ಕ ಮೇಲೆ ಬರೀ ಟೇಪ್ ಸುತ್ತಿ ಕೈ ತೊಳೆಯಬೇಡ. ಹಾಳಾದ ತುಂಡನ್ನು ಕತ್ತರಿಸಿ ಅಷ್ಟೇ ದಪ್ಪದ ಹೊಸ ವೈರು ಬೆಸುಗೆ ಹಾಕಿಸು, ತೂತಿಗೆ ಬುಷ್ ಕೂರಿಸು, ಕಂಪನಿ ಹೇಳಿದ ಆಂಪಿಯರಿನ ಫ್ಯೂಸನ್ನೇ ಹಾಕು.

ಅಕ್ಕನಿಗೆ ನಮಸ್ಕಾರ ತಿಳಿಸು. ನಿನ್ನಿಂದಾಗದು ಅನಿಸಿದರೆ ಸಂಕೋಚಪಡದೆ ಹೇಳು, ಬೆಳಗಿನ ಬಸ್ಸಿಗೆ ತೀರ್ಥಹಳ್ಳಿಗೆ ಬರುತ್ತೇನೆ. ಅಲ್ಲಿಯವರೆಗೆ ಆ ತಾಮ್ರದ ಎಳೆ ಇಟ್ಟುಕೊಂಡು ಗಾಡಿಯನ್ನು ಎಲ್ಲಿಗೂ ಓಡಿಸಬೇಡ, ಆಗುಂಬೆ ಘಾಟಿಗಂತೂ ಇಳಿಸಲೇಬೇಡ.

ನಿನ್ನ ಮಾವ