ಗೋಗಿಯ ಕರಿಕಲ್ಲು

ನಮ್ಮ ಕಿಣ್ಣಿ ಸುಲ್ತಾನದಲ್ಲಿ ಬಾವಿ ತೋಡಿದರೆ ಮೊದಲು ಎರೆಮಣ್ಣು, ಆಮೇಲೆ ಕರಿಕಲ್ಲು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಅದು. ಒಡೆದಾಗ ಒಮ್ಮೊಮ್ಮೆ ಒಳಗಿನ ಪೊಳ್ಳಿನಲ್ಲಿ ಕಲ್ಲುಸಕ್ಕರೆಯಂಥ ಹರಳು ಮಿನುಗುತ್ತವೆ. ಉರ್ದು ಶಾಲೆಯ ಚೀಲದಲ್ಲಿ ಅವನ್ನೇ ತುಂಬಿಕೊಂಡು ಬಂದು ಅಮ್ಮಿಯಿಂದ ಬೈಸಿಕೊಳ್ಳುತ್ತಿದ್ದೆ. ನಲವತ್ತು ದಾಟಿದರೂ ಆ ಚಟ ಹೋಗಿಲ್ಲ.

ಗೋಗಿಯಲ್ಲಿ ನನ್ನ ಖಾಲಾ ಇದ್ದಾರೆ. ಶಹಾಪುರ ತಾಲ್ಲೂಕಿನ ಆ ಊರು ಹಜ್ರತ್ ಚಂದಾ ಹುಸೈನಿಯವರ ದರ್ಗಾದಿಂದ ಹೆಸರಾದದ್ದು. ವಿಜಾಪುರದ ಆದಿಲ್‌ಶಾಹಿ ಮನೆತನ ಕಟ್ಟಿದ ಯೂಸುಫ್ ಆದಿಲ್ ಖಾನ್ 1510ರಲ್ಲಿ ತೀರಿಕೊಂಡಾಗ ಮಣ್ಣಾದದ್ದೂ ಅಲ್ಲೇ. ಈಗ ಗೋಗಿ ಎಂದರೆ ಪತ್ರಿಕೆಗಳಿಗೆ ಯುರೇನಿಯಂ.

ಅದು ಅಲ್ಲಿಗೆ ಬಂದದ್ದು ನೀರಿನ ಜೊತೆ. ತಳದ ಗ್ರಾನೈಟಿನಲ್ಲಿ ಚೂರುಪಾರು ಇದ್ದ ಯುರೇನಿಯಂ, ಆಮ್ಲಜನಕವಿದ್ದ ನೀರಿನಲ್ಲಿ ಕರಗಿ ನೆಲದ ಬಿರುಕುಗುಂಟ ಸಾಗಿತು. ಸುಣ್ಣಕಲ್ಲಿನ ನಡುವೆ ಆಮ್ಲಜನಕ ಸಿಗದ, ಗಂಧಕದ ಕಬ್ಬಿಣವಿದ್ದ ಜಾಗದಲ್ಲಿ ಕಪ್ಪಗೆ ಕೂತುಬಿಟ್ಟಿತು. ಕಾಫಿನೈಟ್, ಪಿಚ್‌ಬ್ಲೆಂಡ್ ಎಂಬ ಹೆಸರು ಅದಕ್ಕೆ. ಹೊರದೇಶದ ಸಂಗ್ರಹಕಾರರು ಆಸೆಪಡುವ ಆಟುನೈಟ್ ಹಳದಿ-ಹಸಿರು. ನೇರಳಾತೀತ ಬೆಳಕಿಗೆ ಹೊಳೆಯುತ್ತದೆ. ಗೋಗಿಯದು ನೋಡಲಿಕ್ಕೆ ಇದ್ದಿಲು. ಬರಿಗಣ್ಣಿಗೆ ಗುರುತೇ ಸಿಗದು.

ಹಿಂದಿನ ಸಲ ಹೋದಾಗ ಖಾಲಾ ಮನೆಯ ನೀರಿನ ಕೊಡದ ಮುಚ್ಚಳದ ಮೇಲೆ ಮುಷ್ಟಿಗಾತ್ರದ ಕರಿಕಲ್ಲೊಂದು ಕಂಡಿತು. ಹೊಲದ ಬದುವಿನಲ್ಲಿ ಸಿಕ್ಕಿದ್ದಂತೆ. ಕೈಗೆ ತೆಗೆದುಕೊಂಡೆ. ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಮನೆಯಲ್ಲಿ ನನ್ನ ಕಲ್ಲಿನ ಪೆಟ್ಟಿಗೆ ಇರುವುದು ಮಕ್ಕಳು ಮಲಗುವ ಮಂಚದ ಕೆಳಗೆ. ಯುರೇನಿಯಂ ಇದ್ದಲ್ಲಿ ರೇಡಾನ್ ಅನಿಲವೂ ಹುಟ್ಟುತ್ತದೆ; ಗಾಳಿಯಾಡದ ಕೋಣೆಯಲ್ಲಿ ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಮೇಲಾಗಿ ಅಂಥ ಅದಿರು ಸರ್ಕಾರದ ಹಿಡಿತದ ವಸ್ತು, ಹವ್ಯಾಸಕ್ಕೆ ಜೇಬಿಗಿಳಿಸುವಂಥದ್ದಲ್ಲ.

"ಕ್ಯಾ ಕರ್ತಾ ರೇ ಪತ್ತರ್ ಲೇಕೆ?" ಎಂದು ಖಾಲಾ ನಕ್ಕರು. ನಾನು ಅದನ್ನು ಹಿತ್ತಲಿನಾಚೆ ಇಟ್ಟು ಬಂದು ಕೈ ತೊಳೆದುಕೊಂಡೆ. ಕಾರಣ ಹೇಳಿದೆ. ಸುಮ್ಮನೆ ಕೇಳಿಸಿಕೊಂಡವರು, "ಕಲ್ಲು ತೆಗೆದಿಟ್ಟೆ ಬೇಟಾ, ನೀರು?" ಅಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 30 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಮೀರಿದರೆ ವಿಕಿರಣಕ್ಕಿಂತ ಮೊದಲು ಚಿಂತೆ ಮೂತ್ರಪಿಂಡದ್ದು. ಬರುವಾಗ ಅವರ ಬೋರಿನ ನೀರನ್ನು ಬಾಟಲಿಯಲ್ಲಿ ತಂದು ಪರೀಕ್ಷೆಗೆ ಕೊಟ್ಟೆ. ಗಡಸುತನ, ಫ್ಲೋರೈಡ್ ಬರೆದುಕೊಟ್ಟರು. ಯುರೇನಿಯಂ ಅಳೆಯುವ ಯಂತ್ರ ಅಲ್ಲಿರಲಿಲ್ಲ. ಉಳಿದರ್ಧ ಬಾಟಲಿ ನನ್ನ ಮೇಜಿನ ಮೇಲಿದೆ. ಖಾಲಾ ಫೋನ್ ಮಾಡಿದಾಗಲೆಲ್ಲ ಮೊದಲು ಅದನ್ನೇ ಕೇಳುತ್ತಾರೆ.